ಮಳೆಮಾಪನ ಯಂತ್ರ ಮತ್ತೆ ಚಾಲೂ ಆದದ್ದೇಕೆ? ವಾಚ್‌ಡಾಗ್ ರೀಸೆಟ್ ಪತ್ತೆಯ ಒಂದು ವಿವೇಚನೆ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಗ್ರಾಮ ಪಂಚಾಯಿತಿಗಳಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪನ ಯಂತ್ರಗಳಿವೆ. ಸೋಲಾರ್ ಫಲಕ, ಬ್ಯಾಟರಿ, ಒಂದು ಸಿಮ್ ಇಷ್ಟನ್ನೇ ನಂಬಿಕೊಂಡು ಅವು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ. 1988ರಲ್ಲಿ ಬರ ಉಸ್ತುವಾರಿಗೆಂದು ಹುಟ್ಟಿದ ಈ ಕೇಂದ್ರದ ಅಂಕಿಗಳು ಈಗ ಹವಾಮಾನ ಆಧಾರಿತ ಬೆಳೆ ವಿಮೆಗೂ ಬೇಕು. ಮಳೆ ನೆಚ್ಚಿದ ಸೀಮೆಯಲ್ಲಿ ಲೆಕ್ಕದ ಒಂದು ಗಂಟೆ ಖಾಲಿ ಬಿದ್ದರೆ ಅದು ಹಣದ ಮಾತೂ ಹೌದು.

ಕಾವಲಿಗೆ ಯಾರೂ ಇಲ್ಲದ ಇಂಥ ಯಾವುದೇ ಯಂತ್ರ ನಡುವೆ ನಿಂತು ತಾನಾಗಿ ಚಾಲೂ ಆದರೆ, ಕಾರಣ ಎರಡರಲ್ಲೊಂದು ಇರಬಹುದು. ಬ್ಯಾಟರಿ ಸೊರಗಿರಬೇಕು, ಇಲ್ಲವೇ ಪ್ರೋಗ್ರಾಂ ಹ್ಯಾಂಗ್ ಆಗಿ ವಾಚ್‌ಡಾಗ್ ಟೈಮರ್ ಅದನ್ನು ಎಬ್ಬಿಸಿರಬೇಕು. ಸರಿಯಾಗಿ ನಡೆಯುತ್ತಿರುವಷ್ಟು ಹೊತ್ತು ಪ್ರೋಗ್ರಾಂ ಈ ಟೈಮರನ್ನು ಮತ್ತೆ ಮತ್ತೆ ಮೊದಲಿಗೆ ತಿರುಗಿಸುತ್ತಿರುತ್ತದೆ; ಗಡುವು ತಪ್ಪಿದರೆ ರೀಸೆಟ್. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಲಾಗ್ ಬರೆಯುವ ಪ್ರೋಗ್ರಾಮೇ ಸ್ತಬ್ಧವಾಗಿದ್ದಾಗ ಲಾಗ್ ಏನು ಹೇಳೀತು?

ಸಾಕ್ಷಿ ಇರುವುದು ಚಿಪ್‌ನೊಳಗೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಸವೆದಿರುವ ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ 328ಪಿ ಚಿಪ್‌ ಅನ್ನೇ ನೋಡಬಹುದು. ಅದರ ಒಂದು ರಿಜಿಸ್ಟರಿನಲ್ಲಿ ನಾಲ್ಕು ಬಿಟ್‌ಗಳು: ವಿದ್ಯುತ್ ಹೊಸದಾಗಿ ಬಂದಿದ್ದರೆ 1, ರೀಸೆಟ್ ಗುಂಡಿ ಒತ್ತಿದ್ದರೆ 2, ವೋಲ್ಟೇಜ್ ಕುಸಿದಿದ್ದರೆ 4, ವಾಚ್‌ಡಾಗ್ ಆದರೆ 8. ಓದಿದಾಗ 12 ಬಂದರೆ? ಕುಸಿತವೂ ಆಗಿದೆ, ವಾಚ್‌ಡಾಗೂ ಹೊಡೆದಿದೆ. ಯಾವುದು ಮೊದಲು ಎಂಬುದು ಮಾತ್ರ ಅದರಲ್ಲಿಲ್ಲ. ಓದಿದ ಕೂಡಲೇ ಬಿಟ್‌ಗಳನ್ನು ಅಳಿಸದಿದ್ದರೆ ನಿನ್ನೆಯ ಗುರುತು ಇಂದಿನದರ ಮೇಲೆ ಕೂರುತ್ತದೆ. ಅಳಿಸುವ ಕೆಲಸವನ್ನು ಬೂಟ್‌ಲೋಡರ್ ಮೊದಲೇ ಮುಗಿಸಿಬಿಟ್ಟರೆ ಮುಖ್ಯ ಪ್ರೋಗ್ರಾಮಿಗೆ ಸಿಗುವುದು ಬರೀ ಸೊನ್ನೆ.

ದೊಡ್ಡ ಕಂಪ್ಯೂಟರುಗಳ ಕತೆಯೂ ಬೇರೆಯಲ್ಲ. ಲಿನಕ್ಸ್‌ನಲ್ಲಿ ವಾಚ್‌ಡಾಗ್‌ಗೆ ಸೇರಿದ ಬೂಟ್‌ಸ್ಟೇಟಸ್ ಫೈಲಿನಲ್ಲಿ 32 ಕಂಡರೆ ರೀಸೆಟ್ ಮಾಡಿದ್ದು ವಾಚ್‌ಡಾಗೇ. ಆದರೆ 0 ಕಂಡಾಕ್ಷಣ ಅದು ನಿರಪರಾಧಿ ಎನ್ನಲಾಗದು. ಇಂಟೆಲ್ ಚಿಪ್‌ಸೆಟ್‌ಗಳ ಐಟಿಸಿಓ ಡ್ರೈವರ್ ಏಳುವಾಗಲೇ ಹಳೆಯ ಗುರುತನ್ನು ಒರೆಸಿಹಾಕುತ್ತದೆ. ಸಾಕ್ಷಿ ಕಾಯಬೇಕಾದವನೇ ಪೊರಕೆ ಹಿಡಿದಂತಾಯಿತು! ಸರ್ವರುಗಳಲ್ಲಿ ಐಪಿಎಂಐ ಘಟನಾಪಟ್ಟಿ ಇದ್ದರೆ ಅದನ್ನು ನೋಡುವುದೇ ಮೇಲು. ಅದು ಮುಖ್ಯ ಪ್ರೊಸೆಸರಿನ ಹಂಗಿನಲ್ಲಿಲ್ಲ.

ಗುರುತು ಸಿಕ್ಕರೂ ಕಾರಣ ಸಿಕ್ಕಂತಲ್ಲ. 1997ರ ಜುಲೈನಲ್ಲಿ ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್ ನೌಕೆ ಪದೇ ಪದೇ ರೀಸೆಟ್ ಆಗುತ್ತಿತ್ತು. ಒಂದು ಕೆಲಸ ಗಡುವಿನೊಳಗೆ ಮುಗಿಯುತ್ತಿಲ್ಲ ಎಂಬುದು ತಿಳಿದರೂ, ಆದ್ಯತೆಗಳ ಅದಲುಬದಲೇ ಮೂಲವೆಂದು ತಿಳಿಯಲು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಅದೇ ತೊಂದರೆಯನ್ನು ಮರುಸೃಷ್ಟಿಸಬೇಕಾಯಿತು.

ಮುಂಡರಗಿಯ ಬಯಲಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಎದ್ದ ಕ್ಷಣವೇ ರಿಜಿಸ್ಟರ್ ಓದಿ, ಅದರ ಮೌಲ್ಯವನ್ನು ಇಇಪ್ರಾಮ್‌ಗೆ ಬರೆದು, ಬಿಟ್‌ಗಳನ್ನು ಅಳಿಸಿ, ಮುಂದಿನ ಮಳೆಯ ಲೆಕ್ಕದ ಜೊತೆ ಆ ಒಂದು ಬೈಟನ್ನೂ ಬ್ಯಾಟರಿ ವೋಲ್ಟೇಜನ್ನೂ ಕಳಿಸಿದರಾಯಿತು. ಗದಗದಿಂದ ಹೊರಡುವ ತಂತ್ರಜ್ಞ ಹೊಸ ಬ್ಯಾಟರಿ ಒಯ್ಯಬೇಕೋ, ತಿದ್ದಿದ ಫರ್ಮ್‌ವೇರ್ ಇರುವ ಲ್ಯಾಪ್‌ಟಾಪ್ ಒಯ್ಯಬೇಕೋ ಎಂಬುದು ಬಸ್ ಹತ್ತುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.