ಕೂಸು ಹುಟ್ಟುವ ಮುಂಚೆ ಕುಲಾವಿ: 1950ರ ಮರಕಾನಾ

ವಿಶ್ವಕಪ್ ಫೈನಲ್ ಹತ್ತಿರ ಬಂತೆಂದರೆ ನಮ್ಮ ಆಫೀಸಿನ ವೈಟ್‌ಬೋರ್ಡಿನಲ್ಲಿದ್ದ ಡಿಸೈನ್ ಚಿತ್ರಗಳೆಲ್ಲ ಅಳಿಸಿಹೋಗಿ, ಆ ಜಾಗದಲ್ಲಿ ಎರಡು ದೇಶಗಳ ಹೆಸರು, ಕೆಳಗೆ ಗೋಲುಗಳ ಭವಿಷ್ಯ ಬಂದು ಕೂರುತ್ತದೆ. ಜನ್ಮದಲ್ಲಿ ಚೆಂಡು ಒದೆಯದವರೂ ಅವತ್ತು ಪಂಡಿತರು. ನಾನೂ ಬರೆಯುತ್ತೇನೆ, ಸೋಲುತ್ತೇನೆ, ಎಲ್ಲರಿಗೂ ಟೀ ಕೊಡಿಸುತ್ತೇನೆ. ಹೀಗೆ ಭವಿಷ್ಯ ಬರೆಯುವಾಗಲೆಲ್ಲ ನನಗೆ ನೆನಪಾಗುವುದು 1950ರ ಜುಲೈ 16, ರಿಯೋ ಡಿ ಜನೈರೋದ ಮರಕಾನಾ ಕ್ರೀಡಾಂಗಣ. ಬ್ರೆಜಿಲ್ ಮತ್ತು ಉರುಗ್ವೆ. ಪಂದ್ಯಕ್ಕಿಂತ ಅದರ ಮುಂಚಿನ ಕಥೆಯೇ ನನಗೆ ಹೆಚ್ಚು ಕಾಡಿದ್ದು.

ಮೊದಲು ಒಂದು ತಿದ್ದುಪಡಿ. ನಿಯಮದ ಪ್ರಕಾರ ಅದು ಫೈನಲ್ಲೇ ಅಲ್ಲ! ಆ ವರ್ಷ ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ಒಬ್ಬರೊಡನೊಬ್ಬರು ಆಡಿ, ಹೆಚ್ಚು ಅಂಕ ಗಳಿಸಿದವರಿಗೆ ಕಪ್ ಎಂದಿತ್ತು. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಬ್ರೆಜಿಲ್ ಸ್ವೀಡನ್ನನ್ನು 7-1, ಸ್ಪೇನನ್ನು 6-1 ಗೋಲುಗಳಿಂದ ಚಚ್ಚಿ ಹಾಕಿತ್ತು. ಉರುಗ್ವೆ ಅದೇ ಸ್ಪೇನ್ ಜೊತೆ 2-2 ಡ್ರಾ, ಸ್ವೀಡನ್ ಮೇಲೆ ಏದುಸಿರು ಬಿಟ್ಟು 3-2. ಹಾಗಾಗಿ ಕೊನೆಯ ಪಂದ್ಯಕ್ಕೆ ಬಂದಾಗ ಬ್ರೆಜಿಲ್ ಹತ್ತಿರ 4 ಅಂಕ, ಉರುಗ್ವೆ ಹತ್ತಿರ 3. ಬ್ರೆಜಿಲ್‌ಗೆ ಡ್ರಾ ಸಾಕು. ಆಟವೂ ಅವರ ಊರಿನಲ್ಲೇ.

(ಅಂದ ಹಾಗೆ ಈ ಪಂದ್ಯಾವಳಿಗೆ ನಮ್ಮ ದೇಶಕ್ಕೂ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ. ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನುವ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಶೈಲೇನ್ ಮನ್ನಾ ಅವರೇ ಮುಂದೆ, ನಮಗೆ ವಿಶ್ವಕಪ್ಪಿನ ಮಹತ್ವವೇ ಗೊತ್ತಿರಲಿಲ್ಲ, ಒಲಿಂಪಿಕ್ಸೇ ಎಲ್ಲ ಎಂಬ ಅರ್ಥದಲ್ಲಿ ಹೇಳಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದ ನಮ್ಮ ಬೆಂಗಳೂರಿನ ಅಹ್ಮದ್ ಖಾನ್, ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರು, ಆಗ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಭಾರತ ಹೋಗಿದ್ದರೆ... ಇರಲಿ ಬಿಡಿ, ಹೊಟ್ಟೆ ಉರಿಯುತ್ತದೆ.)

ಈಗ ನೀವೇ ಹೇಳಿ, ಅವತ್ತು ಭವಿಷ್ಯ ಬರೆಯಲು ಕೂತಿದ್ದರೆ ಏನು ಬರೆಯುತ್ತಿದ್ದಿರಿ? ರಿಯೋದ 'ಓ ಮುಂಡೊ' ಪತ್ರಿಕೆಯವರೂ ಅದನ್ನೇ ಬರೆದರು. ಪಂದ್ಯಕ್ಕೆ ಮೊದಲೇ ಬ್ರೆಜಿಲ್ ತಂಡದ ಫೋಟೋ ಹಾಕಿ, ವಿಶ್ವ ಚಾಂಪಿಯನ್ನರು ಇವರೇ ಎಂದು ಮುದ್ರಿಸಿಬಿಟ್ಟರು. ನಗರದ ಮೇಯರ್ ಮೈದಾನದಲ್ಲೇ ನಿಂತು, ಇನ್ನು ಕೆಲವೇ ಗಂಟೆಗಳಲ್ಲಿ ಚಾಂಪಿಯನ್ ಆಗಲಿರುವವರೇ ಎಂದು ಆಟಗಾರರನ್ನು ಸಂಬೋಧಿಸಿದರು. ಫೀಫಾ ಅಧ್ಯಕ್ಷ ಜೂಲ್ಸ್ ರಿಮೆ ಅವರ ಜೇಬಿನಲ್ಲಿ ಪೋರ್ಚುಗೀಸ್ ಭಾಷೆಯ ಅಭಿನಂದನಾ ಭಾಷಣ ಸಿದ್ಧವಾಗಿತ್ತು. ಸ್ಪ್ಯಾನಿಷ್‌ನಲ್ಲಿ ಒಂದು ಪ್ರತಿ ಮಾಡಿಟ್ಟುಕೊಳ್ಳೋಣ ಅಂತ ಯಾರಿಗೂ ಹೊಳೆಯಲಿಲ್ಲ. ಆ ಪತ್ರಿಕೆ ಉರುಗ್ವೆಯವರ ಹೋಟೆಲಿಗೂ ತಲುಪಿತು. ನಾಯಕ ಒಬ್ದುಲಿಯೋ ವರೆಲಾ ಅದರ ಪ್ರತಿಗಳನ್ನು ಬಚ್ಚಲಿನ ನೆಲಕ್ಕೆ ಹಾಸಿ, ತನ್ನ ಹುಡುಗರಿಗೆ ಅದರ ಮೇಲೆ... ಬಿಡಿಸಿ ಹೇಳಬೇಕಿಲ್ಲ ಅಲ್ವಾ? ದಂತಕಥೆಯೇ ಇರಬಹುದು, ಆದರೂ ಚೆನ್ನಾಗಿದೆ :)

ನನಗೆ ನಿಜಕ್ಕೂ ಆಶ್ಚರ್ಯವಾಗುವುದು ಬೇರೆ ವಿಷಯಕ್ಕೆ. ಇದೇ ಎರಡು ತಂಡಗಳು ಅದೇ ವರ್ಷದ ಮೇ ತಿಂಗಳಲ್ಲಿ, ಬ್ರೆಜಿಲ್ ನೆಲದಲ್ಲೇ, ರಿಯೋ ಬ್ರಾಂಕೊ ಕಪ್‌ಗಾಗಿ ಮೂರು ಸಲ ಸೆಣಸಿದ್ದವು. ಮೊದಲನೆಯದರಲ್ಲಿ ಉರುಗ್ವೆ 4-3ರಿಂದ ಗೆದ್ದಿತು. ಆಮೇಲಿನ ಎರಡನ್ನು ಬ್ರೆಜಿಲ್ 3-2, 1-0ರಿಂದ ಗೆದ್ದಿತು. ಮೂರರಲ್ಲೂ ಅಂತರ ಒಂದೇ ಗೋಲು! ಸಾಲದ್ದಕ್ಕೆ 1930ರ ಚಾಂಪಿಯನ್ ಉರುಗ್ವೆ, ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಪಂದ್ಯವನ್ನೂ ಸೋತಿರಲಿಲ್ಲ (ನಡುವಿನ ಎರಡಕ್ಕೆ ಹೋಗಿರಲೇ ಇಲ್ಲ ಅನ್ನುವುದೂ ನಿಜ). ಅಂದರೆ ಮಾಹಿತಿ ಕೈಯಲ್ಲೇ ಇತ್ತು. ಆದರೆ 7-1, 6-1ರ ಹೊಳಪಿನಲ್ಲಿ ಎರಡು ತಿಂಗಳ ಹಿಂದಿನ 4-3 ಯಾರ ಕಣ್ಣಿಗೂ ಬೀಳಲಿಲ್ಲ. ಸ್ವೀಡನ್ ವಿರುದ್ಧ ಪಾಸಾದ ಟೆಸ್ಟ್ ಕೇಸನ್ನು ತೋರಿಸಿ ಉರುಗ್ವೆ ವಿರುದ್ಧವೂ ಪಾಸು ಎಂದು ಬರೆದ ಹಾಗೆ.

ಟಿಕೆಟ್ ಕೊಂಡವರೇ 1,73,850 ಮಂದಿ. ಒಟ್ಟು ಸುಮಾರು ಎರಡು ಲಕ್ಷ ಎನ್ನುತ್ತಾರೆ. ಉರುಗ್ವೆಯ ಕೋಚ್ ರಕ್ಷಣಾತ್ಮಕವಾಗಿ ಆಡಿ ಎಂದು ಹೇಳಿ ಹೊರಗೆ ಹೋದ ಮೇಲೆ, ಹಾಗೆ ಆಡಿದರೆ ನಮಗೂ ಸ್ಪೇನ್, ಸ್ವೀಡನ್ ಗತಿಯೇ ಎಂದು ವರೆಲಾ ಹುಡುಗರಿಗೆ ಹೇಳಿದರಂತೆ. ಮೊದಲರ್ಧ ಗೋಲಿಲ್ಲ. 47ನೇ ನಿಮಿಷದಲ್ಲಿ ಫ್ರಿಯಾಸಾ ಬ್ರೆಜಿಲ್‌ಗೆ ಗೋಲು ಹೊಡೆದರು. ಮೈದಾನ ಹುಚ್ಚೆದ್ದಿತು. ವರೆಲಾ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಇಂಗ್ಲಿಷ್ ರೆಫರಿ ಜಾರ್ಜ್ ರೀಡರ್ ಹತ್ತಿರ ಹೋಗಿ ಆಫ್‌ಸೈಡ್ ಎಂದು ವಾದಕ್ಕೆ ನಿಂತರು. ಗೋಲು ರದ್ದಾಗುವುದಿಲ್ಲ ಅಂತ ಅವರಿಗೂ ಗೊತ್ತು. ಆ ಗದ್ದಲ ಸ್ವಲ್ಪ ಇಳಿಯಬೇಕಿತ್ತು, ಅಷ್ಟೇ.

66ನೇ ನಿಮಿಷ. ಗಿಗ್ಗಿಯಾ ಬಲ ಅಂಚಿನಲ್ಲಿ ಬಿಗೋಡೆಯನ್ನು ದಾಟಿ ಓಡಿ ಚೆಂಡನ್ನು ಒಳಗೆ ಕೊಟ್ಟರು, ಸ್ಕಿಯಾಫಿನೋ ಗೋಲು. 1-1. ಈಗಲೂ ಕಪ್ ಬ್ರೆಜಿಲ್‌ದೇ. 79ನೇ ನಿಮಿಷದಲ್ಲಿ ಅದೇ ಗಿಗ್ಗಿಯಾ, ಅದೇ ಅಂಚು, ಅದೇ ಓಟ. ಗೋಲ್‌ಕೀಪರ್ ಬಾರ್ಬೋಸಾ ಈ ಸಲವೂ ಚೆಂಡು ನಡುವೆ ಬರುತ್ತದೆಂದು ಒಂದು ಹೆಜ್ಜೆ ಆ ಕಡೆ ಇಟ್ಟರು. ಗಿಗ್ಗಿಯಾ ಕಂಬಕ್ಕೂ ಅವರಿಗೂ ನಡುವಿನ ಸಂದಿಯಲ್ಲಿ ನೇರವಾಗಿ ಹೊಡೆದರು. 2-1.

ಡ್ರಾ ಇದ್ದಾಗ ಕಪ್ ಕೊಡಲೆಂದು ಕೆಳಗಿಳಿಯಲು ಹೊರಟ ರಿಮೆ, ಮೈದಾನಕ್ಕೆ ಬಂದಾಗ ಸದ್ದೇ ಇರಲಿಲ್ಲ. ಗೌರವ ರಕ್ಷೆ ಇಲ್ಲ, ರಾಷ್ಟ್ರಗೀತೆ ಇಲ್ಲ. ಜನರ ನಡುವೆ ವರೆಲಾರನ್ನು ಹುಡುಕಿ ಕಪ್ ಕೈಗಿಟ್ಟು, ಕೈ ಕುಲುಕಿ ಬಂದರು. ಭಾಷಣ ಜೇಬಿನಲ್ಲೇ ಉಳಿಯಿತು.

ಆಮೇಲೆ ತಪ್ಪು ಯಾರದು ಎಂಬ ಪ್ರಶ್ನೆ ಬಂತು. ಬಂದ ಉತ್ತರ ಮೂರು ಹೆಸರು: ಬಾರ್ಬೋಸಾ, ಬಿಗೋಡೆ, ಜುವೆನಾಲ್. ಮೂವರೂ ಕಪ್ಪು ವರ್ಣದವರು ಎಂಬುದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಇಡೀ ಪಂದ್ಯದಲ್ಲಿ ಒಂದೇ ಗೋಲು ಹೊಡೆದ ಮುಂಚೂಣಿಯವರನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಫೋಟೋ ಹಾಕಿದ ಪತ್ರಿಕೆಯವರನ್ನು, ಮೇಯರನ್ನು ಕೇಳುವುದಂತೂ ದೂರದ ಮಾತು. ನಮ್ಮ ಟೀಮಿನಲ್ಲೂ ಒಮ್ಮೆ ಹೀಗಾಯಿತು. ಹಿಂದಿನ ದಿನವೇ ಎಲ್ಲ ಸರಿಯಿದೆ ಎಂದು ಮೇಲ್ ಕಳಿಸಿದ್ದೆವು. ಮರುದಿನ ಬಿಲ್ಡ್ ಮುರಿದಾಗ ಕೊನೆಯಲ್ಲಿ ಕೋಡ್ ಸೇರಿಸಿದ ಹುಡುಗನ ಹೆಸರನ್ನು ಎಲ್ಲರೂ ಹೇಳಿದೆವು. ಮೇಲ್ ಕಳಿಸಿದವನು ನಾನು. ಅದನ್ನು ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹುಡುಗ ಆರು ತಿಂಗಳಲ್ಲಿ ಕೆಲಸ ಬಿಟ್ಟ.

ಬಾರ್ಬೋಸಾ ಅವರಿಗೆ ಬಿಟ್ಟು ಹೋಗಲು ಜಾಗವೇ ಇರಲಿಲ್ಲ. 1993ರಲ್ಲಿ ರಾಷ್ಟ್ರೀಯ ತಂಡದ ಶಿಬಿರಕ್ಕೆ ಹೋದಾಗ, ಅಪಶಕುನ ಎಂದು ಒಳಗೆ ಬಿಡಲಿಲ್ಲ ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನಾನು ಐವತ್ತು ವರ್ಷದಿಂದ ಅನುಭವಿಸುತ್ತಿದ್ದೇನೆ ಎಂದು ಅವರು ನೊಂದು ಹೇಳುತ್ತಿದ್ದರು. 2000ದ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಕಾಲದ ನಂತರ 2014ರಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಿಂದ ಸೋತಿತು. ಗಿಗ್ಗಿಯಾ ಸತ್ತಿದ್ದು 2015ರ ಜುಲೈ 16ರಂದು, ಆ ಪಂದ್ಯ ನಡೆದು ಸರಿಯಾಗಿ 65 ವರ್ಷಕ್ಕೆ.

ಅಂಗಿಗೂ ಶಿಕ್ಷೆಯಾಯಿತು. ಅವತ್ತು ಬ್ರೆಜಿಲ್ ತೊಟ್ಟಿದ್ದು ಬಿಳಿ ಅಂಗಿ. ಅದು ಬೇಡವೆಂದು 1953ರಲ್ಲಿ ಒಂದು ಪತ್ರಿಕೆ ಹೊಸ ಅಂಗಿಗೆ ಸ್ಪರ್ಧೆ ನಡೆಸಿತು. ಗೆದ್ದವನು ಅಲ್ದಿರ್ ಶ್ಲೀ ಎಂಬ ಇನ್ನೂ ಇಪ್ಪತ್ತು ತುಂಬದ ಹುಡುಗ. ನಾವೆಲ್ಲ ಬ್ರೆಜಿಲ್ ಎಂದರೆ ಕಣ್ಮುಂದೆ ತಂದುಕೊಳ್ಳುವ ಆ ಹಳದಿ ಅಂಗಿ ಅವನದೇ ಚಿತ್ರ. ಅವನ ಊರು ಜಗುವರಾಂವ್, ಉರುಗ್ವೆ ಗಡಿಯಲ್ಲಿದೆ, ನಡುವೆ ಒಂದು ನದಿ ಅಷ್ಟೇ. ಶ್ಲೀ ಕೊನೆಯವರೆಗೂ ಬೆಂಬಲಿಸಿದ್ದು ಉರುಗ್ವೆ ತಂಡವನ್ನು.