ಬಾಡಿಗೆಯ ಹೆಸರಿನಲ್ಲಿ ಕಾರ್ಡ್ ಖರ್ಚು
ಕ್ರೆಡಿಟ್ ಕಾರ್ಡಿನಲ್ಲಿ ಮನೆ ಬಾಡಿಗೆ ಕಟ್ಟುವ ರೂಢಿಯನ್ನು ಬೆಂಗಳೂರಿನ ಕ್ರೆಡ್, ನೋಬ್ರೋಕರ್ ಆ್ಯಪ್‌ಗಳು ಬೆಳೆಸಿದವು. ಬಾಡಿಗೆದಾರರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಕೆಲವರು ಗೆಳೆಯರನ್ನೋ ಬಂಧುಗಳನ್ನೋ ಮಾಲೀಕರೆಂದು ತೋರಿಸಿ ಹಣ ಕಳಿಸಿದರು, ಅದನ್ನೇ ಮರಳಿ ಪಡೆದು ಬಿಲ್ ತೀರಿಸಿದರು. ಲಾಭವಾಗಿ ಉಳಿದದ್ದು ರಿವಾರ್ಡ್ ಪಾಯಿಂಟ್. ಪ್ರತಿ ಪಾವತಿಯೊಂದಿಗೂ ವ್ಯಾಪಾರದ ಬಗೆ ತಿಳಿಸುವ ನಾಲ್ಕಂಕಿಯ ಸಂಕೇತ ಬ್ಯಾಂಕಿಗೆ ಬರುತ್ತದೆ. ಬಾಡಿಗೆಗೆ ಸಾಮಾನ್ಯವಾಗಿ 6513. ಜೊತೆಗೆ ಮಿತಿಯಷ್ಟೂ ಮೊತ್ತ ಪದೇ ಪದೇ ಒಂದೇ ಖಾತೆಗೆ ಹೋದರೆ ಸಂಶಯ ಮೂಡುತ್ತದೆ. ಪಾಯಿಂಟ್ ರದ್ದಾಗಬಹುದು, ಕಾರ್ಡೇ ನಿಲ್ಲಬಹುದು. 2022ರ ಅಕ್ಟೋಬರ್ 20ರಿಂದ ಐಸಿಐಸಿಐ ಬ್ಯಾಂಕ್ ಬಾಡಿಗೆ ಪಾವತಿಗೆ ಶೇ 1 ಶುಲ್ಕ ಹಾಕಿತು. ನವೆಂಬರ್ 15ರಿಂದ ಎಸ್‌ಬಿಐ ಕಾರ್ಡ್ 99 ರೂಪಾಯಿ ಮತ್ತು ತೆರಿಗೆ. ಪ್ರಾಮಾಣಿಕ ಬಾಡಿಗೆದಾರರೂ ಇದನ್ನು ತೆರಬೇಕಾದದ್ದು ಅನ್ಯಾಯವೇ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಹಲವು ಆ್ಯಪ್‌ಗಳು ಈ ಸೇವೆಯನ್ನೇ ನಿಲ್ಲಿಸಿದವು.