ಸಹಿ ಹೇಳದ್ದನ್ನು ಕಾಗದ ಹೇಳಿತು

ನಿಮ್ಮ ಶಾಲೆಯ ಅಥವಾ ಕಾಲೇಜಿನ ಪ್ರಯೋಗಾಲಯದ ಗೋಡೆಯ ಮೇಲೆ ಸರ್ ಸಿ. ವಿ. ರಾಮನ್ ಅವರ ಚಿತ್ರ ಇರಬಹುದು. ಅದರ ಪಕ್ಕದಲ್ಲಿ ಅವರೇ ಸಹಿ ಮಾಡಿದ ಪತ್ರವೊಂದಿದ್ದರೆ ಹೇಗೆ? ಕೆಲವು ವರ್ಷಗಳ ಹಿಂದೆ ನನಗೆ ಈ ಆಸೆ ಹುಟ್ಟಿತು. 1934ರಲ್ಲಿ ಬೆಂಗಳೂರಿನಿಂದ ಬರೆದದ್ದೆಂದು ಹೇಳಲಾದ ನಾಲ್ಕು ಸಾಲಿನ ಪತ್ರವೊಂದನ್ನು, ಅರ್ಧ ತಿಂಗಳ ಸಂಬಳದಷ್ಟು ಹಣ ಕೊಟ್ಟು ಹರಾಜಿನಲ್ಲಿ ಕೊಂಡೆ. ಅದು ಅಂಬಿಕಾನಗರದ ನಮ್ಮ ಮನೆಗೆ ಬಂದ ದಿನ ನೆರೆಹೊರೆಯವರನ್ನೆಲ್ಲ ಕರೆದು ತೋರಿಸಿದ್ದಾಯಿತು. ಎರಡು ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಅದನ್ನು ಚೌಕಟ್ಟಿನಲ್ಲಿಟ್ಟು ವಿದ್ಯಾರ್ಥಿಗಳ ಮುಂದೆ ಭಾಷಣವನ್ನೂ ಮಾಡಿದೆ. ಪತ್ರ ನಕಲಿಯಾಗಿತ್ತು. ಅದು ಹೇಗೆ ತಿಳಿಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ನನಗಿಂತ ಬಹಳ ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಮೊದಲು ಅವರ ಸಂಗತಿ ನೋಡೋಣ.

ಹರಾಜಿನಲ್ಲಿ ಬೆಲೆ ಬರುವುದು ವಸ್ತುವಿನ ಹಿಂದಿರುವ ಚರಿತ್ರೆಗೆ. ನಮ್ಮ ನಾಡಿನದೇ ಉದಾಹರಣೆ ತೆಗೆದುಕೊಳ್ಳಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕಿದ ಖಡ್ಗವನ್ನು ಬ್ರಿಟಿಷ್ ಸೇನೆ ತನ್ನ ಅಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಜೇಬುಗಡಿಯಾರ, ತಟ್ಟೆ ಮತ್ತು ಬಟ್ಟಲುಗಳನ್ನು ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರಿಗೆ ಕೊಂಡರು. ಬರೇ ಉಕ್ಕಿನ ಕತ್ತಿಗೆ, ಹಳೆಯ ಚಪ್ಪಲಿಗೆ ಇಷ್ಟು ಹಣ ಯಾರೂ ಕೊಡುವುದಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಒಡೆತನದ ಸರಪಳಿ ಗಟ್ಟಿಯಾಗಿದ್ದರೆ ಮಾತ್ರ ಈ ಬೆಲೆ.

ಐನ್‌ಸ್ಟೈನರ ಸಂಗತಿ ಇನ್ನೂ ಸ್ವಾರಸ್ಯಕರ. ವಿಶಿಷ್ಟ ಸಾಪೇಕ್ಷತೆಯನ್ನು ಕುರಿತ 1905ರ ಪ್ರಬಂಧದ ಮೂಲ ಹಸ್ತಪ್ರತಿ ಉಳಿದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಯದರ್ಶಿ ಹೆಲೆನ್ ಡ್ಯೂಕಾಸ್ ಮುದ್ರಿತ ಪ್ರಬಂಧವನ್ನು ಓದುತ್ತಾ ಹೋದಂತೆ ಐನ್‌ಸ್ಟೈನರು ಅದನ್ನು ಮತ್ತೆ ಕೈಯಾರೆ ಬರೆದರು. 1944ರಲ್ಲಿ ಯುದ್ಧಸಾಲಪತ್ರಗಳ ಹರಾಜಿನಲ್ಲಿ ಅದು 65 ಲಕ್ಷ ಡಾಲರ್ ತಂದಿತು. ಇದು ನಕಲೇ, ಆದರೆ ಇದರಲ್ಲಿ ಮೋಸವಿಲ್ಲ. ಯಾವಾಗ, ಏಕೆ ಬರೆದದ್ದೆಂಬುದು ಎಲ್ಲರಿಗೂ ಗೊತ್ತಿತ್ತು.

ಈಗ ಮೋಸದ ಕಥೆಗೆ ಬರೋಣ. ಮಿಷೆಲ್ ಶಾಲ್ 19ನೆಯ ಶತಮಾನದ ಫ್ರಾನ್ಸಿನ ದೊಡ್ಡ ಜ್ಯಾಮಿತಿ ಪಂಡಿತ. 1865ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದವರು. ಹಳೆಯ ಹಸ್ತಾಕ್ಷರಗಳ ಸಂಗ್ರಹ ಇವರ ಹುಚ್ಚು. ವ್ರೇನ್-ಲ್ಯೂಕಾ ಎಂಬಾತ 1861ರಿಂದ ಸುಮಾರು ಎಂಟು ವರ್ಷಗಳಲ್ಲಿ ಇವರಿಗೆ 27,000ಕ್ಕೂ ಹೆಚ್ಚು ಪತ್ರಗಳನ್ನು ಮಾರಿದ. ಅವುಗಳಲ್ಲಿ ಸೀಸರನಿಗೆ ಕ್ಲಿಯೋಪಾತ್ರ ಬರೆದ ಪತ್ರವಿತ್ತು, ಅರಿಸ್ಟಾಟಲನಿಗೆ ಅಲೆಕ್ಸಾಂಡರ್ ಬರೆದ ಪತ್ರವೂ ಇತ್ತು. ಎಲ್ಲವೂ ಫ್ರೆಂಚ್ ಭಾಷೆಯಲ್ಲಿ! ನೀವು ನಗುತ್ತೀರಿ. ನಾನೂ ಮೊದಲು ನಕ್ಕಿದ್ದೆ.

1867ರಲ್ಲಿ ಶಾಲ್ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಪಾಸ್ಕಲ್ ಬರೆದನೆನ್ನಲಾದ ಪತ್ರಗಳನ್ನಿಟ್ಟರು. ಅವುಗಳ ಪ್ರಕಾರ ಗುರುತ್ವ ನಿಯಮವನ್ನು ಕಂಡುಹಿಡಿದವನು ನ್ಯೂಟನ್ ಅಲ್ಲ, ಪಾಸ್ಕಲ್. ಪಾಸ್ಕಲ್ ಬಾಲಕ ನ್ಯೂಟನ್ನನಿಗೆ ಪತ್ರ ಬರೆದು ದಾರಿ ತೋರಿಸಿದ್ದನಂತೆ! ಫ್ರಾನ್ಸಿಗೆ ಹಿರಿಮೆ ತರುವ ಸುದ್ದಿ. ನಂಬಲು ಹಲವರು ಸಿದ್ಧರಿದ್ದರು. ಬರಹದ ಶೈಲಿ, ಸಹಿಯ ಓರೆ ಎಂದು ವಾದ ಬೆಳೆಯಿತು. ಆಕ್ಷೇಪ ಬಂದಾಗಲೆಲ್ಲ ಅದಕ್ಕೆ ಉತ್ತರ ಕೊಡುವ ಇನ್ನೊಂದು ‘ಹಳೆಯ’ ಪತ್ರ ವ್ರೇನ್-ಲ್ಯೂಕಾನ ಬಳಿ ಸಿದ್ಧವಾಗಿರುತ್ತಿತ್ತು.

ಆದರೆ ಅಂಕಿಗಳು ಸಿಕ್ಕಿಬಿದ್ದವು. ಪಾಸ್ಕಲನ ಟಿಪ್ಪಣಿಗಳಲ್ಲಿ ಸೂರ್ಯನಿಗೆ ಹೋಲಿಸಿದ ಗ್ರಹಗಳ ದ್ರವ್ಯರಾಶಿಗಳಿದ್ದವು: ಗುರು 1/1067, ಶನಿ 1/3021, ಭೂಮಿ 1/1,69,282. ಗ್ಲಾಸ್ಗೋದ ಖಗೋಳವಿಜ್ಞಾನಿ ರಾಬರ್ಟ್ ಗ್ರಾಂಟ್ ಇವು ನ್ಯೂಟನ್ನನ ‘ಪ್ರಿನ್ಸಿಪಿಯಾ’ ಗ್ರಂಥದ 1726ರ ಮೂರನೆಯ ಆವೃತ್ತಿಯ ಅಂಕಿಗಳೇ ಎಂದು ತೋರಿಸಿದರು. 1687ರ ಮೊದಲ ಆವೃತ್ತಿಯಲ್ಲಿ ಸ್ವತಃ ನ್ಯೂಟನ್ನನೇ ಬೇರೆ ಬೆಲೆಗಳನ್ನು ಕೊಟ್ಟಿದ್ದ. ಭೂಮಿಯ ಬೆಲೆಯನ್ನು ನೋಡಿ. ಇಂದು ನಮಗೆ ತಿಳಿದಿರುವಂತೆ ಅದು ಸುಮಾರು 1/3,33,000. ಸೂರ್ಯನ ದೂರವನ್ನು ನ್ಯೂಟನ್ ಕಡಿಮೆ ಅಂದಾಜು ಮಾಡಿದ್ದರಿಂದ ಅವನ ಉತ್ತರ ಹತ್ತಿರಹತ್ತಿರ ಎರಡು ಪಟ್ಟು ತಪ್ಪಾಗಿತ್ತು. 1662ರಲ್ಲಿ ತೀರಿಹೋದ ಪಾಸ್ಕಲ್ ಅದೇ ತಪ್ಪನ್ನು ಕೊನೆಯ ಅಂಕಿಯವರೆಗೂ ಮಾಡಲು ಸಾಧ್ಯವೆ? ಪರೀಕ್ಷೆಯಲ್ಲಿ ನಕಲು ಹಿಡಿಯುವ ಶಿಕ್ಷಕರಿಗೆ ಈ ವಿಧಾನ ಚೆನ್ನಾಗಿ ಗೊತ್ತು: ಇಬ್ಬರ ಸರಿ ಉತ್ತರ ಒಂದೇ ಇರಬಹುದು, ತಪ್ಪು ಉತ್ತರವೂ ಒಂದೇ ಆದರೆ ಸಂಶಯ. ಇನ್ನೊಂದು ಮಾತು. ಗ್ರಹವೊಂದರ ದ್ರವ್ಯರಾಶಿಯನ್ನು ಹೀಗೆ ಲೆಕ್ಕಹಾಕಲು ಅದಕ್ಕೊಂದು ಉಪಗ್ರಹ ಬೇಕು. ಶನಿಯ ಉಪಗ್ರಹ ಟೈಟನ್ ಅನ್ನು ಹೈಗನ್ಸ್ ಕಂಡದ್ದು 1655ರಲ್ಲಿ. ಪಾಸ್ಕಲನ ಪತ್ರಗಳಲ್ಲಿದ್ದ ವರ್ಷ 1652!

1869ರಲ್ಲಿ ವ್ರೇನ್-ಲ್ಯೂಕಾ ಸೆರೆಸಿಕ್ಕಿದ. ಮರುವರ್ಷ ಎರಡು ವರ್ಷಗಳ ಶಿಕ್ಷೆಯಾಯಿತು. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು, ಶಾಯಿಯನ್ನು ತಾನೇ ತಯಾರಿಸಿ ಬರೆಯುತ್ತಿದ್ದನಂತೆ. ಕಾಗದ ಹಳೆಯದೇ ಆಗಿದ್ದರಿಂದ ಅದು ಅವನನ್ನು ಹಿಡಿದುಕೊಡಲಿಲ್ಲ.

ಕಾಗದವೇ ಹಿಡಿದುಕೊಟ್ಟ ಪ್ರಸಂಗ ತೀರ ಈಚಿನದು. ನಮ್ಮ ಅಂಬಿಕಾನಗರದ ನೆರೆಯ ದಾಂಡೇಲಿ ಕಾಗದದ ಊರು. ಅಲ್ಲಿನ ಕಾರ್ಖಾನೆ ಸ್ಥಾಪನೆಯಾದದ್ದು 1955ರಲ್ಲಿ. ತಿರುಳಿನ ನಾರುಗಳು ನೀರಿನಲ್ಲಿ ತೇಲಿ, ಜರಡಿಯ ಮೇಲೆ ಹಾಸಿ ಹಾಳೆಯಾಗುತ್ತವೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಹಿಂದಿನ ಕಾಲದ ಯುರೋಪಿನಲ್ಲಿ ಕೈಜರಡಿಗೆ ತಂತಿಯಿಂದ ಚಿಹ್ನೆಯೊಂದನ್ನು ಹೊಲಿಯುತ್ತಿದ್ದರು. ತಂತಿ ಇದ್ದಲ್ಲಿ ನಾರು ತೆಳುವಾಗಿ ಕೂರುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಅಲ್ಲಿ ಹೆಚ್ಚು ಬೆಳಕು ತೂರಿ ಚಿಹ್ನೆ ಕಾಣುತ್ತದೆ. ಇದೇ ನೀರುಗುರುತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1938ರಿಂದ ಗೆಲಿಲಿಯೋನದೆಂಬ ಹಾಳೆಯೊಂದಿತ್ತು. ಮೇಲೆ ದೂರದರ್ಶಕದ ಬಗ್ಗೆ 1609ರ ಪತ್ರದ ಕರಡು, ಕೆಳಗೆ 1610ರ ಜನವರಿಯಲ್ಲಿ ಕಂಡ ಗುರುವಿನ ಉಪಗ್ರಹಗಳ ಟಿಪ್ಪಣಿ. ಇದು 1934ರಲ್ಲಿ ಹರಾಜಿನಲ್ಲಿ ಮಾರಾಟವಾಗಿತ್ತು. ಪೀಸಾದ ಆರ್ಚ್‌ಬಿಷಪ್ ಒಬ್ಬರು ತಮ್ಮಲ್ಲಿದ್ದ ಗೆಲಿಲಿಯೋ ಪತ್ರಗಳೊಡನೆ ಹೋಲಿಸಿ ಇದು ಅಸಲಿ ಎಂದಿದ್ದರು. ಆದರೆ ಹೋಲಿಕೆಗೆ ಬಳಸಿದ ಆ ಪತ್ರಗಳೇ ಖೋಟಾ! ಇತಿಹಾಸಕಾರ ನಿಕ್ ವೈಲ್ಡಿಂಗ್ ನೀರುಗುರುತನ್ನು ಪರಿಶೀಲಿಸಿದರು. ಅದರಲ್ಲಿ ಇಟಲಿಯ ಬೆರ್ಗಾಮೊ ಊರನ್ನು ಸೂಚಿಸುವ ಅಕ್ಷರಗಳಿದ್ದವು. ಅಂಥ ಗುರುತಿನ ಕಾಗದ 1770ಕ್ಕಿಂತ ಮೊದಲು ಎಲ್ಲಿಯೂ ಕಂಡುಬಂದಿಲ್ಲ. ಗೆಲಿಲಿಯೋ ಸತ್ತದ್ದು 1642ರಲ್ಲಿ. 2022ರ ಆಗಸ್ಟ್‌ನಲ್ಲಿ ಹಾಳೆ ನಕಲಿಯೆಂದು ವಿಶ್ವವಿದ್ಯಾಲಯವೇ ಪ್ರಕಟಿಸಿತು. ಎಂಬತ್ತಕ್ಕೂ ಹೆಚ್ಚು ವರ್ಷ ಹೆಮ್ಮೆಯಿಂದ ಇಟ್ಟುಕೊಂಡ ವಸ್ತುವಿನ ಬಗ್ಗೆ ಹೀಗೆ ಹೇಳಲು ಧೈರ್ಯ ಬೇಕು.

ನನ್ನ ಪತ್ರದಲ್ಲಿ ನೀರುಗುರುತೇ ಇರಲಿಲ್ಲ. ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಪ್ರತಿದೀಪ್ತಿಯ ಬಗ್ಗೆ ಕಿರುಯೋಜನೆ ಮಾಡುತ್ತಿದ್ದ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ಅತಿನೇರಿಳೆ ದೀಪ ತಂದು ಸಿಕ್ಕ ವಸ್ತುಗಳ ಮೇಲೆಲ್ಲ ಹಿಡಿಯುತ್ತಿದ್ದ. ಚೌಕಟ್ಟಿನ ಗಾಜು ಒರೆಸಲೆಂದು ಹೊರತೆಗೆದಿದ್ದ ಪತ್ರದ ಮೇಲೂ ಹಿಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಇದು ನಮ್ಮ ರೆಕಾರ್ಡ್ ಬುಕ್ಕಿನ ಹಾಳಿ ಹಂಗ ಹೊಳಿಲಿಕ್ಕತ್ತೈತಲ್ರಿ?” ಎಂದ.

ಇಂದಿನ ಬಿಳಿ ಕಾಗದಕ್ಕೆ ಹೊಳಪುಕಾರಕ ರಾಸಾಯನಿಕಗಳನ್ನು ಸೇರಿಸುತ್ತಾರೆ. ಅವು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತವೆ. ಕಾಗದ ತಯಾರಿಕೆಯಲ್ಲಿ ಇವು ಬಳಕೆಗೆ ಬಂದದ್ದು ಸುಮಾರು 1950ರಿಂದೀಚೆಗೆ. ಅಸಲಿ ನೋಟಿನ ಕಾಗದದಲ್ಲಿ ಇವು ಇಲ್ಲದ್ದರಿಂದ ಅದು ಆ ದೀಪದಡಿ ಮಂಕಾಗಿರುತ್ತದೆ; ಹೊಳೆಯುವುದು ಸಂಖ್ಯೆಯ ಭಾಗ ಮತ್ತು ಕೆಲವು ಎಳೆಗಳು ಮಾತ್ರ. ಮೇಲ್ಮೈಗೆ ಏನಾದರೂ ಅಂಟಿರಬಹುದೆಂಬ ಆಸೆಯಿಂದ ಪತ್ರದ ಅಂಚಿನ ನಾರೊಂದನ್ನು ಬಿಡಿಸಿ ನೋಡಿದೆವು. ಒಳಗೂ ಅದೇ ನೀಲಿ. 1934ರ ಕಾಗದ ಹೀಗೆ ಹೊಳೆಯಲಾರದು.

1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ನರ ಶಿಷ್ಯ ಕೆ. ಆರ್. ರಾಮನಾಥನ್ ಶುದ್ಧ ದ್ರವಗಳಲ್ಲಿ ಕಂಡ ಕ್ಷೀಣ ಬೆಳಕನ್ನು ಪ್ರತಿದೀಪ್ತಿಯೆಂದೇ ಭಾವಿಸಲಾಗಿತ್ತು. ಅದು ಬೇರೆ ವಿದ್ಯಮಾನವೆಂದು 1928ರಲ್ಲಿ ರಾಮನ್ ಮತ್ತು ಕೆ. ಎಸ್. ಕೃಷ್ಣನ್ ತೋರಿಸಿದರು. ಈಗ ಹಳೆಯ ದಾಖಲೆಗಳ ಶಾಯಿ, ಬಣ್ಣಗಳನ್ನು ಗುರುತಿಸಲು ರಾಮನ್ ರೋಹಿತದರ್ಶನವೂ ಬಳಕೆಯಲ್ಲಿದೆ. ನಮ್ಮ ಕೆಲಸಕ್ಕೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ನೀವು ಈ ಪರೀಕ್ಷೆ ಮಾಡುವಾಗ ಒಂದು ಎಚ್ಚರಿಕೆ ಇರಲಿ. ಹಳೆಯ ದಿನಾಂಕದ ಕಾಗದ ಹೊಳೆದರೆ ಆ ದಿನಾಂಕ ಸುಳ್ಳು. ಹೊಳೆಯದಿದ್ದರೆ ಅಸಲಿಯೆಂದು ಸಿದ್ಧವಾಗುವುದಿಲ್ಲ; ವ್ರೇನ್-ಲ್ಯೂಕಾನ ಹಾಳೆಗಳು ಹೊಳೆಯುತ್ತಿರಲಿಲ್ಲ. ಮನೆಯಲ್ಲಿ ನಿಜವಾಗಿ ಹಳೆಯ ಪತ್ರಗಳಿದ್ದರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಚಾರಿತ್ರಿಕ ಅಥವಾ ವೈಜ್ಞಾನಿಕ ಮಹತ್ವವುಳ್ಳ ಹಸ್ತಪ್ರತಿಗೆ 75 ವರ್ಷವಾಗಿದ್ದರೆ 1972ರ ಪುರಾವಸ್ತು ಕಾಯಿದೆಯಂತೆ ಅದು ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಹಣ ಮರಳಿ ಬರಲಿಲ್ಲ. ಹಿಂದಿನ ಎರಡು ತಂಡದ ವಿದ್ಯಾರ್ಥಿಗಳಲ್ಲಿ ವಿಳಾಸ ಸಿಕ್ಕವರಿಗೆಲ್ಲ ಕಾರ್ಡು ಬರೆದು, ನಾನು ತೋರಿಸಿದ್ದು ನಕಲಿಯೆಂದು ತಿಳಿಸಿದೆ. ಪತ್ರವನ್ನು ಎಸೆಯಲಿಲ್ಲ. ಈಗಲೂ ಫೆಬ್ರವರಿ 28ರಂದು ಅದು ಮೇಜಿನ ಮೇಲಿರುತ್ತದೆ, ಚೌಕಟ್ಟಿಲ್ಲದೆ. ಪಕ್ಕದಲ್ಲಿ ದೀಪ, ನನ್ನ ಅಜ್ಜನ ಕಾಲದ ಒಂದು ಹಳದಿ ಹಾಳೆ, ಮತ್ತು ಅದೇ ವಿದ್ಯಾರ್ಥಿಯ ರೆಕಾರ್ಡ್ ಬುಕ್ಕು.